ಮನೆಯಂಗಳದಲ್ಲೇ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸುವ ಕ್ರಮ

ಕಾರಿನ ಎಂಜಿನ್ ಆಯಿಲ್ ಬದಲಿಸುವುದು ಗ್ಯಾರೇಜಿನವರಿಗೆ ಅರ್ಧ ಗಂಟೆಯ ಕೆಲಸ. ಮನೆಯಲ್ಲಿ ಮೊದಲ ಬಾರಿ ಮಾಡುವವರು ಎರಡು ಗಂಟೆ ಬಿಡುವು ಮಾಡಿಕೊಳ್ಳುವುದು ಒಳ್ಳೆಯದು. ಇದಕ್ಕೆ ಬೇಕಾದ ಉಪಕರಣಗಳು ಕಡಿಮೆ; ಬಿಚ್ಚಬೇಕಾದದ್ದು ಒಂದು ಬೋಲ್ಟ್ ಮತ್ತು ಒಂದು ಫಿಲ್ಟರ್ ಮಾತ್ರ. ಯಾವ ಬ್ರ್ಯಾಂಡಿನ ಆಯಿಲ್ ಹಾಕಬೇಕೆಂದು ಜನ ತಿಂಗಳುಗಟ್ಟಲೆ ಚರ್ಚಿಸುತ್ತಾರೆ, ಆದರೆ ಕೆಲಸ ಕೆಡುವುದು ಸಾಮಾನ್ಯವಾಗಿ ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ಥ್ರೆಡ್, ಅದರಡಿಯ ವಾಷರ್ ಮತ್ತು ಫಿಲ್ಟರಿನ ರಬ್ಬರ್ ರಿಂಗ್ ಈ ಮೂರರಲ್ಲಿ. ಆದ್ದರಿಂದ ಈ ಲೇಖನದಲ್ಲಿ ಆ ಮೂರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ನಮ್ಮ ರಸ್ತೆಗಳಲ್ಲಿ ಅತಿ ಹೆಚ್ಚು ಕಾಣಸಿಗುವ ಸಣ್ಣ ಪೆಟ್ರೋಲ್ ಕಾರನ್ನು, ಅಂದರೆ ಮಾರುತಿ ಸ್ವಿಫ್ಟ್, ಬಲೆನೊ ಕಾರುಗಳಲ್ಲಿ ಬಂದ 1.2 ಲೀಟರ್‌ನ ಕೆ-ಸರಣಿಯ ಎಂಜಿನ್ನನ್ನು ಇಟ್ಟುಕೊಳ್ಳೋಣ. ಇದಕ್ಕೆ ಫಿಲ್ಟರ್ ಸೇರಿ ಸುಮಾರು 3 ಲೀಟರ್ ಆಯಿಲ್ ಹಿಡಿಯುತ್ತದೆ. ಬೇರೆ ಕಂಪನಿಯ ಸಣ್ಣ ಕಾರುಗಳಲ್ಲಿ ಕ್ರಮ ಇದೇ, ಅಳತೆ ಮಾತ್ರ ಬೇರೆ. ಇನ್ನೋವಾ ಕ್ರಿಸ್ಟಾದಂಥ ದೊಡ್ಡ ಡೀಸೆಲ್ ಎಂಜಿನ್ನಿಗೆ 7 ಲೀಟರಿಗಿಂತ ಹೆಚ್ಚು ಬೇಕು. ನಿಮ್ಮ ಕಾರಿನ ಸರಿಯಾದ ಅಳತೆ, ಆಯಿಲ್‌ನ ಗ್ರೇಡ್ ಮತ್ತು ಬದಲಿಸುವ ಅವಧಿ ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿಯಲ್ಲಿ ಇರುತ್ತದೆ. ಕೈಪಿಡಿ ಕಳೆದುಹೋಗಿದ್ದರೆ ಬಹುತೇಕ ಕಂಪನಿಗಳ ಜಾಲತಾಣಗಳಲ್ಲಿ ಅದು ಉಚಿತವಾಗಿ ಸಿಗುತ್ತದೆ. ಅದನ್ನು ಓದದೆ ಕಾರಿನ ಕೆಳಗೆ ನುಗ್ಗಬೇಡಿ.

ವಾರಂಟಿ ಇನ್ನೂ ಉಳಿದಿರುವ ಕಾರನ್ನು ಮನೆಯಲ್ಲಿ ಬಿಚ್ಚುವ ಮೊದಲು ವಾರಂಟಿ ಪುಸ್ತಕದ ಷರತ್ತುಗಳನ್ನು ನೋಡಬೇಕು. ನಿಗದಿತ ಸರ್ವೀಸುಗಳನ್ನು ಅಧಿಕೃತ ಕೇಂದ್ರದಲ್ಲೇ ಮಾಡಿಸಿರಬೇಕು ಎಂಬ ಷರತ್ತು ಅಲ್ಲಿ ಸಾಮಾನ್ಯ, ಮತ್ತು ಮುಂದೆ ಎಂಜಿನ್ನಿಗೆ ಏನಾದರೂ ಆದಾಗ ಮೊದಲು ಕೇಳುವುದೇ ಸರ್ವೀಸ್ ದಾಖಲೆಯನ್ನು. ಮೊದಲ ಕೆಲವು ಸರ್ವೀಸುಗಳಲ್ಲಿ ಕೂಲಿ ಹೇಗೂ ಉಚಿತವಾಗಿರುವುದರಿಂದ, ವಾರಂಟಿ ಮುಗಿದ ಮೇಲೆ ಈ ಕೆಲಸಕ್ಕೆ ಇಳಿಯುವುದೇ ಜಾಣತನ ಎಂದು ನನ್ನ ಅಭಿಪ್ರಾಯ. ಉಳಿತಾಯವೂ ಜಾಹೀರಾತು ಹೇಳುವಷ್ಟು ದೊಡ್ಡದಲ್ಲ. ಆಯಿಲ್ ಮತ್ತು ಫಿಲ್ಟರಿನ ಬೆಲೆ ಎಲ್ಲಿ ಹಾಕಿದರೂ ಅಷ್ಟೇ, ಉಳಿಯುವುದು ಕೂಲಿ ಮತ್ತು ಬಿಲ್ಲಿಗೆ ಸದ್ದಿಲ್ಲದೆ ಸೇರುವ ‘ಎಂಜಿನ್ ಫ್ಲಶ್’, ‘ಆಯಿಲ್ ಟ್ರೀಟ್‌ಮೆಂಟ್’ ಮುಂತಾದ ಬಾಬತ್ತುಗಳು. ಒಳಗೆ ಹೋದದ್ದು ಯಾವ ಆಯಿಲ್, ಎಷ್ಟು ಹೋಯಿತು ಎಂಬುದು ಕಣ್ಣಾರೆ ಗೊತ್ತಿರುತ್ತದೆ ಎನ್ನುವುದೇ ದೊಡ್ಡ ಲಾಭ.

ಆಯಿಲ್ ಮತ್ತು ಫಿಲ್ಟರ್ ಆರಿಸುವುದು

ಡಬ್ಬದ ಮೇಲಿನ 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಎಂಬ ಬರಹದಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನೂ, ಎರಡನೆಯ ಅಂಕಿ ಎಂಜಿನ್ ಬಿಸಿಯಾದಾಗ ಅದು ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನೂ ಸೂಚಿಸುತ್ತದೆ. ‘ನಮ್ಮ ಬಿಸಿಲಿಗೆ ತೆಳು ಆಯಿಲ್ ಆಗಿಬರುವುದಿಲ್ಲ, 20ಡಬ್ಲ್ಯು-40 ಹಾಕಿ’ ಎಂದು ಸಲಹೆ ಕೊಡುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಮಾರುತಿ 800 ಮತ್ತು ಓಮ್ನಿಗಳ ಕಾಲದಲ್ಲಿ ಅದು ಚಾಲ್ತಿಯಲ್ಲಿದ್ದ ಗ್ರೇಡ್, ಸಲಹೆಯೂ ಆ ಕಾಲದ್ದೇ. ಹೊರಗೆ ರಾಯಚೂರಿನ ಬಿಸಿಲಿರಲಿ, ಮಡಿಕೇರಿಯ ಚಳಿಯಿರಲಿ, ಓಡುತ್ತಿರುವ ಎಂಜಿನ್ನಿನ ತಾಪವನ್ನು ಥರ್ಮೋಸ್ಟಾಟ್ ಮತ್ತು ಕೂಲೆಂಟ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹಿಡಿದಿಡುತ್ತವೆ. ಇಂದಿನ ಎಂಜಿನ್ನುಗಳಲ್ಲಿ ಬೇರಿಂಗುಗಳ ಸಂದು ಕಿರಿದು, ವಾಲ್ವುಗಳ ಸಮಯವನ್ನು ಹೊಂದಿಸುವ ಭಾಗವೂ ಆಯಿಲ್‌ನ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಅಲ್ಲಿಗೆ ಮಂದವಾದ ಆಯಿಲ್ ತಡವಾಗಿ ತಲುಪುತ್ತದೆ, ಮೈಲೇಜೂ ಇಳಿಯುತ್ತದೆ. ಕೈಪಿಡಿ ಹೇಳಿದ ಗ್ರೇಡನ್ನೇ ಹಾಕಬೇಕು.

ಗ್ರೇಡಿನ ಜೊತೆಗೆ ಗುಣಮಟ್ಟದ ಗುರುತನ್ನೂ ನೋಡಬೇಕು. ಪೆಟ್ರೋಲ್ ಎಂಜಿನ್ನಿಗೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಗುರುತು ಎಸ್ ಅಕ್ಷರದಿಂದ ಶುರುವಾಗುತ್ತದೆ. 2010ರಲ್ಲಿ ಎಸ್‌ಎನ್ ಬಂತು, 2020ರಲ್ಲಿ ಎಸ್‌ಪಿ ಬಂತು. ಹೊಸ ಗುರುತಿನ ಆಯಿಲನ್ನು ಹಳೆಯ ಪೆಟ್ರೋಲ್ ಕಾರಿಗೆ ಹಾಕಲು ಅಡ್ಡಿಯಿಲ್ಲ, ಹೊಸ ಕಾರಿಗೆ ಹಳೆಯ ಗುರುತಿನದು ಬೇಡ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಡಿಪಿಎಫ್ ಎಂಬ ಶೋಧಕ ಇರುವುದರಿಂದ ಅವಕ್ಕೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಸಾಧಾರಣ ಡೀಸೆಲ್ ಆಯಿಲ್ ಹಾಕಿದರೆ ದುಬಾರಿಯಾದ ಆ ಶೋಧಕ ಬೇಗ ಕಟ್ಟಿಕೊಳ್ಳುತ್ತದೆ. ಬೈಕಿಗೆಂದು ತಂದು ಉಳಿದಿರುವ ಆಯಿಲನ್ನು ಕಾರಿಗೆ ಸುರಿಯಬಾರದು, ಏಕೆಂದರೆ ಬೈಕಿನ ಆಯಿಲನ್ನು ಕ್ಲಚ್ ಜಾರದಂತೆ ಬೇರೆ ರೀತಿಯಲ್ಲಿ ತಯಾರಿಸಿರುತ್ತಾರೆ.

ಫಿಲ್ಟರನ್ನು ಕಂಪನಿಯ ಬಿಡಿಭಾಗದ ಅಂಗಡಿಯಲ್ಲಿ, ಕಾರಿನ ಮಾಡೆಲ್ ಮತ್ತು ತಯಾರಾದ ವರ್ಷ ಹೇಳಿ, ಬಿಲ್ ಸಮೇತ ಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಹತ್ತು ತರಹದ ಫಿಲ್ಟರುಗಳು ಸಿಗುತ್ತವೆ, ಆದರೆ ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ಡಬ್ಬಿಗಳ ಒಳಗಿನ ಕಾಗದ ಮತ್ತು ವಾಲ್ವು ಒಂದೇ ಆಗಿರುವುದಿಲ್ಲ. ಎಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಇಳಿದುಹೋಗದಂತೆ ತಡೆಯುವ ರಬ್ಬರ್ ಪರದೆಯೊಂದು ಒಳಗಿರುತ್ತದೆ. ಅಗ್ಗದ ಫಿಲ್ಟರಿನಲ್ಲಿ ಅದು ಬೇಗ ಗಡುಸಾಗುವುದರಿಂದ, ಬೆಳಿಗ್ಗೆ ಎಂಜಿನ್ ಶುರುವಾದ ಕೂಡಲೇ ಒಂದೆರಡು ಕ್ಷಣ ಟಕಟಕ ಸದ್ದು ಕೇಳುತ್ತದೆ. ಫಿಲ್ಟರಿನಲ್ಲಿ ಉಳಿಸುವ ನೂರಿನ್ನೂರು ರೂಪಾಯಿ ಉಳಿತಾಯವೇ ಅಲ್ಲ. ಅದೇ ಅಂಗಡಿಯಲ್ಲಿ ಡ್ರೈನ್ ಬೋಲ್ಟಿನ ಹೊಸ ವಾಷರನ್ನೂ ಕೇಳಿ ತನ್ನಿ.

ಹೊಂದಿಸಿಕೊಳ್ಳಬೇಕಾದ ಸಾಮಾನು

ಡ್ರೈನ್ ಬೋಲ್ಟಿನ ತಲೆ ಬಹುತೇಕ ಸಣ್ಣ ಕಾರುಗಳಲ್ಲಿ 14 ಅಥವಾ 17 ಮಿ.ಮೀ. ಇರುತ್ತದೆ. ಅದಕ್ಕೆ ಸರಿಹೊಂದುವ ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ ಬೇಕು. ಬಾಯಿ ತೆರೆದ ಸ್ಪ್ಯಾನರನ್ನೂ, ಅಳತೆ ಹೊಂದಿಸುವ ಸ್ಕ್ರೂ ಸ್ಪ್ಯಾನರನ್ನೂ ಇಲ್ಲಿ ಬಳಸಬಾರದು. ಅವು ಬೋಲ್ಟಿನ ಮೂಲೆಗಳನ್ನು ಸವೆಸಿ ದುಂಡಗೆ ಮಾಡಿಬಿಡುತ್ತವೆ. ಫಿಲ್ಟರಿಗೆ ಬೆಲ್ಟ್ ಅಥವಾ ಟೋಪಿಯಾಕಾರದ ಫಿಲ್ಟರ್ ಸ್ಪ್ಯಾನರ್, 5 ಲೀಟರಿಗಿಂತ ಹೆಚ್ಚು ಹಿಡಿಯುವ ಅಗಲ ಬಾಯಿಯ ಟ್ರೇ, ಆಲಿಕೆ, ನೈಟ್ರೈಲ್ ಕೈಗವಸು, ವೇಸ್ಟ್ ಬಟ್ಟೆ, ಟಾರ್ಚು, ಹಳೆಯ ಆಯಿಲ್ ತುಂಬಿಡಲು ಖಾಲಿ ಕ್ಯಾನು ಇಷ್ಟಿದ್ದರೆ ಸಾಕು. ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಟಾರ್ಕ್ ಸ್ಪ್ಯಾನರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಏನು ಮಾಡಬೇಕೆಂದು ಮುಂದೆ ಹೇಳಿದ್ದೇನೆ. ಕೈಗವಸನ್ನು ಅಲಕ್ಷಿಸಬೇಡಿ. ಬಳಸಿದ ಎಂಜಿನ್ ಆಯಿಲ್‌ನಲ್ಲಿ ಉರಿದ ಇಂಧನದ ಶೇಷಗಳು ಸೇರಿರುತ್ತವೆ, ಅದು ಪದೇ ಪದೇ ಚರ್ಮಕ್ಕೆ ತಾಗುವುದು ಕ್ಯಾನ್ಸರಿಗೆ ದಾರಿ ಮಾಡಬಲ್ಲದು.

ಜಾಗ ಮತ್ತು ಕಾರನ್ನು ಎತ್ತುವುದು

ಈ ಕೆಲಸದಲ್ಲಿ ಜೀವಕ್ಕೆ ಅಪಾಯ ಇರುವುದು ಈ ಹಂತದಲ್ಲಿ ಮಾತ್ರ. ನೆಲ ಸಮತಟ್ಟಾಗಿ ಗಟ್ಟಿಯಾಗಿರಬೇಕು. ಸಿಮೆಂಟ್ ಅಂಗಳ ಉತ್ತಮ, ಮಳೆ ನೆನೆದ ಮಣ್ಣಿನ ಅಂಗಳ ಮತ್ತು ಇಳಿಜಾರು ಬೇಡವೇ ಬೇಡ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಮಾಡುವವರು ಸಂಘದ ಅನುಮತಿ ಕೇಳಿಕೊಂಡರೆ ಆಮೇಲಿನ ಜಗಳ ತಪ್ಪುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ಮೊದಲನೆಯದಕ್ಕೆ, ಆಟೊಮ್ಯಾಟಿಕ್ ಕಾರಾದರೆ ಪಾರ್ಕಿಗೆ ಹಾಕಿ, ಹಿಂದಿನ ಚಕ್ರಗಳ ಎರಡೂ ಬದಿಗೆ ಅಡ್ಡಗಟ್ಟೆ ಇಡಬೇಕು. ಹೈಬ್ರಿಡ್ ಕಾರುಗಳಲ್ಲಿ ಎಂಜಿನ್ ತಾನಾಗಿಯೇ ಶುರುವಾಗುವ ಸಾಧ್ಯತೆ ಇರುವುದರಿಂದ, ಕಾರನ್ನು ಪೂರ್ತಿ ಆಫ್ ಮಾಡಿ, ಕೀಯನ್ನು ಮನೆಯೊಳಗೆ ದೂರದಲ್ಲಿಡಿ.

ಕಾರಿನ ಡಿಕ್ಕಿಯಲ್ಲಿ ಬರುವ ಜಾಕಿಯನ್ನು ಪಂಕ್ಚರ್ ಆದ ಚಕ್ರ ಬದಲಿಸಲೆಂದು ಕೊಟ್ಟಿರುತ್ತಾರೆ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆಯಾಗಲಿ ಎದೆಯಾಗಲಿ ಒಂದು ನಿಮಿಷಕ್ಕೂ ಹೋಗಬಾರದು. ಇಟ್ಟಿಗೆ ಮತ್ತು ಟೊಳ್ಳು ಸಿಮೆಂಟ್ ಬ್ಲಾಕುಗಳು ಭಾರಕ್ಕೆ ಮುನ್ಸೂಚನೆ ಇಲ್ಲದೆ ಒಡೆಯುವುದರಿಂದ ಅವನ್ನೂ ಆಧಾರವಾಗಿ ಕೊಡಬಾರದು. ಸರಿಯಾದ ಉಪಾಯ ಎರಡು: ಮುಂದಿನ ಚಕ್ರಗಳನ್ನು ಹತ್ತಿಸಿ ನಿಲ್ಲಿಸುವ ಕಬ್ಬಿಣದ ರ‍್ಯಾಂಪ್ ಜೋಡಿ, ಅಥವಾ ಹೈಡ್ರಾಲಿಕ್ ಜಾಕಿಯಿಂದ ಎತ್ತಿ ಕೈಪಿಡಿ ತೋರಿಸಿದ ಜಾಗಗಳಲ್ಲಿ ಕೊಡುವ ಎರಡು ಜಾಕ್ ಸ್ಟ್ಯಾಂಡುಗಳು. ಹೊಸಬರಿಗೆ ರ‍್ಯಾಂಪೇ ವಾಸಿ. ಹತ್ತಿಸುವಾಗ ಮಾತ್ರ ಹೊರಗೆ ಒಬ್ಬರು ನಿಂತು ‘ಸಾಕು’ ಎನ್ನಬೇಕು. ಮೇಲೆ ಹೇಳಿದ ಹ್ಯಾಂಡ್‌ಬ್ರೇಕ್, ಗೇರ್, ಅಡ್ಡಗಟ್ಟೆಯ ಕೆಲಸವನ್ನು ರ‍್ಯಾಂಪ್ ಬಳಸುವವರು ಹತ್ತಿಸಿದ ಮೇಲೆ ಮಾಡಬೇಕು. ಸ್ಟ್ಯಾಂಡಿನ ಮೇಲೆ ಇಳಿಸಿದ ಮೇಲೆ ಕೆಳಗೆ ಹೋಗುವ ಮೊದಲು ಕಾರನ್ನು ಪಕ್ಕದಿಂದ ಜೋರಾಗಿ ಅಲುಗಿಸಿ ನೋಡಿ. ನೆಲದಿಂದ ಎತ್ತರವಿರುವ ಎಸ್‌ಯುವಿ ಮತ್ತು ಜೀಪುಗಳಲ್ಲಿ ಕೆಲವೊಮ್ಮೆ ಎತ್ತುವ ಅಗತ್ಯವೇ ಬೀಳುವುದಿಲ್ಲ.

ಹಳೆಯ ಆಯಿಲ್ ಇಳಿಸುವುದು

ಕಾರನ್ನು ಎತ್ತರಿಸುವ ಮೊದಲೇ ಎಂಜಿನ್ನನ್ನು ಮೂರ್ನಾಲ್ಕು ನಿಮಿಷ ಓಡಿಸಿ ನಿಲ್ಲಿಸಬೇಕು. ತಣ್ಣಗಿನ ಆಯಿಲ್ ನಿಧಾನವಾಗಿ ಇಳಿದು ಕೊಳೆಯನ್ನು ತಳದಲ್ಲೇ ಬಿಡುತ್ತದೆ. ದೂರದ ಓಟ ಮುಗಿಸಿ ಬಂದ ಕಾರಿನ ಆಯಿಲ್ ಸುಮಾರು 90 ಡಿಗ್ರಿಯಷ್ಟು ಕಾದಿರುವುದರಿಂದ ಮುಂಗೈ ಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ. ಬೋಲ್ಟನ್ನು ಬರಿಗೈಯಿಂದ ಮುಟ್ಟಿ ಹಿಡಿದಿರಬಹುದಾದಷ್ಟು ಬೆಚ್ಚಗಿದ್ದರೆ ಸರಿ. ಬಾನೆಟ್ ಎತ್ತಿ, ಆಯಿಲ್ ಸುರಿಯುವ ಮುಚ್ಚಳವನ್ನು ತೆಗೆದು ಎಂಜಿನ್ನಿನ ಮೇಲೆಯೇ ಇಡಿ. ಗಾಳಿ ಒಳಹೋಗಲು ದಾರಿಯಾದರೆ ಆಯಿಲ್ ತಡೆಯಿಲ್ಲದೆ ಇಳಿಯುತ್ತದೆ.

ಕೆಲವು ಕಾರುಗಳಲ್ಲಿ ಎಂಜಿನ್ನಿನ ಅಡಿ ಪ್ಲಾಸ್ಟಿಕ್ ಕವಚವಿರುತ್ತದೆ, ಅದರ ಕ್ಲಿಪ್ಪುಗಳನ್ನು ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿಟ್ಟುಕೊಳ್ಳಿ. ಮೇಲೆ ಕಾಣುವ ಲೋಹದ ತೊಟ್ಟಿಯೇ ಗ್ಯಾರೇಜಿನವರು ಚೇಂಬರ್ ಎನ್ನುವ ಭಾಗ, ಹಂಪ್‌ಗಳಿಗೆ ಉಜ್ಜಿ ಸೋರುವುದೂ ಇದೇ. ಡ್ರೈನ್ ಬೋಲ್ಟ್ ಅದರ ತಳದಲ್ಲಿ ಅಥವಾ ಹಿಂಬದಿಯಲ್ಲಿ ಇರುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ಪಕ್ಕದಲ್ಲೇ ಗೇರ್‌ಬಾಕ್ಸಿಗೂ ಅಂಥದೇ ಬೋಲ್ಟ್ ಇರುತ್ತದೆ, ಮೊದಲ ಸಲ ಕೆಳಗೆ ಹೋದವರು ಅದನ್ನು ಬಿಚ್ಚುವುದು ಅಪರೂಪವೇನಲ್ಲ. ಸಾವಿರಾರು ಕಿ.ಮೀ. ಓಡಿದ ಎಂಜಿನ್ನಿನಿಂದ ಕಪ್ಪು ಆಯಿಲ್ ಬರಬೇಕಾದ ಕಡೆ ಹೊಂಬಣ್ಣದ ಅಥವಾ ಕೆಂಪು ದ್ರವ ಸುರಿಯತೊಡಗಿದರೆ ತಕ್ಷಣ ಬೋಲ್ಟನ್ನು ಮತ್ತೆ ಹಾಕಿ, ಅದು ಗೇರ್ ಆಯಿಲ್. ಅದರಲ್ಲಿ ಎಷ್ಟು ಇಳಿಯಿತೋ ಅಷ್ಟನ್ನು ಸರಿಯಾದ ಗ್ರೇಡಿನದೇ ತುಂಬಿಸುವವರೆಗೆ ಕಾರನ್ನು ಓಡಿಸಬಾರದು.

ಟ್ರೇಯನ್ನು ಬೋಲ್ಟಿನ ನೇರ ಕೆಳಗಿಡದೆ, ಬೋಲ್ಟ್ ಮುಖ ಮಾಡಿರುವ ದಿಕ್ಕಿಗೆ ಒಂದು ಗೇಣು ಮುಂದಕ್ಕೆ ಸರಿಸಿ ಇಡಿ. ಮೊದಲ ಧಾರೆ ಚಿಮ್ಮಿ ದೂರ ಬೀಳುತ್ತದೆ, ಒಳಗಿನದು ಕಡಿಮೆಯಾದಂತೆ ಹತ್ತಿರಕ್ಕೆ ಬರುತ್ತದೆ; ಜೊತೆಯಲ್ಲೇ ಟ್ರೇಯನ್ನೂ ಸರಿಸುತ್ತ ಹೋಗಬೇಕು. ಕೆಳಗಿನಿಂದ ಬೋಲ್ಟನ್ನು ನೇರ ನೋಡುವಾಗ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿಗೆ ತಿರುಗಿಸಿದರೆ ಅದು ಸಡಿಲವಾಗುತ್ತದೆ. ಅಂಗಾತ ಮಲಗಿ ನೋಡುವವರಿಗೆ ಎಡ ಬಲ ಅದಲುಬದಲಾದಂತೆ ಅನಿಸಿ, ಸಡಿಲಿಸುತ್ತಿದ್ದೇವೆಂದು ಭಾವಿಸಿ ಇನ್ನಷ್ಟು ಬಿಗಿ ಮಾಡುವ ಅಪಾಯವಿದೆ, ಆದ್ದರಿಂದ ಬಲ ಹಾಕುವ ಮೊದಲು ಒಂದು ಕ್ಷಣ ದಿಕ್ಕನ್ನು ಯೋಚಿಸಿ. ಸ್ಪ್ಯಾನರಿನಿಂದ ಸಡಿಲಿಸಿದ ಮೇಲೆ ಉಳಿದದ್ದನ್ನು ಬೆರಳಿನಲ್ಲಿ, ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದೇ ತಿರುಗಿಸಿ. ಥ್ರೆಡ್ ಮುಗಿದದ್ದು ಬೆರಳಿಗೆ ತಿಳಿಯುತ್ತಲೇ ಕೈಯನ್ನು ಪಕ್ಕಕ್ಕೆ ಸರಕ್ಕನೆ ಎಳೆದುಕೊಂಡರೆ ಬೋಲ್ಟ್ ಟ್ರೇಗೂ ಬೀಳುವುದಿಲ್ಲ, ಆಯಿಲ್ ತೋಳಿಗೂ ಇಳಿಯುವುದಿಲ್ಲ.

ಧಾರೆ ಎಳೆಯಾಗಿ, ಎಳೆ ತೊಟ್ಟಾಗಿ, ತೊಟ್ಟುಗಳ ನಡುವೆ ನಾಲ್ಕೈದು ಸೆಕೆಂಡು ಬಿಡುವು ಬರುವವರೆಗೆ ಕಾಯಬೇಕು. ಇದಕ್ಕೆ ಹದಿನೈದು ನಿಮಿಷ ಹಿಡಿಯುತ್ತದೆ. ಈ ಹೊತ್ತಿನಲ್ಲಿ ಇಳಿದ ಆಯಿಲನ್ನು ಪರೀಕ್ಷಿಸಿ. ಕಪ್ಪಾಗಿರುವುದು ದೋಷವಲ್ಲ, ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಆಯಿಲ್ ಕೆಲವೇ ಕಿ.ಮೀ.ಗಳಲ್ಲಿ ಮಸಿಯಂತಾಗುತ್ತದೆ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಕೂಲೆಂಟ್ ಅಥವಾ ನೀರು ಒಳಸೇರಿದೆ ಎಂದರ್ಥ. ಬೆರಳುಗಳ ನಡುವೆ ಉಜ್ಜಿದಾಗ ಹೊಳೆಯುವ ಲೋಹದ ಚೂರುಗಳು ಸಿಕ್ಕರೆ ಬೇರಿಂಗ್ ಸವೆಯುತ್ತಿರಬಹುದು. ಈ ಎರಡು ಸಂದರ್ಭಗಳಲ್ಲೂ ಆಯಿಲ್ ಬದಲಾವಣೆ ಪರಿಹಾರವಲ್ಲ, ಕಾರನ್ನು ಓಡಿಸದೆ ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಬೇಕು. ಬೋಲ್ಟಿನ ತುದಿಯಲ್ಲಿ ಅಯಸ್ಕಾಂತವಿದ್ದು ಅದಕ್ಕೆ ಬೂದುಬಣ್ಣದ ನುಣುಪಾದ ಪುಡಿ ಅಂಟಿದ್ದರೆ ಗಾಬರಿ ಬೇಡ, ಅದು ಸಹಜ ಸವೆತ.

ಬೋಲ್ಟನ್ನು ಮತ್ತೆ ಹಾಕುವುದು

ಈ ಕೆಲಸಕ್ಕೆ ಒಂದು ನಿಮಿಷ ಸಾಕು, ಆದರೆ ಅತಿ ಹೆಚ್ಚು ಹಾಳಾಗುವುದು ಇಲ್ಲೇ. ಅನೇಕ ಕಾರುಗಳ ಚೇಂಬರ್ ಅಲ್ಯೂಮಿನಿಯಮ್ಮಿನದು, ಬೋಲ್ಟ್ ಉಕ್ಕಿನದು. ಬಲ ಹೆಚ್ಚಾದರೆ ಸೋಲುವುದು ಚೇಂಬರಿನ ಥ್ರೆಡ್ಡೇ. ಒಮ್ಮೆ ಥ್ರೆಡ್ ಹೋದರೆ ಹೊಸದಾಗಿ ಕೊರೆಸಬೇಕು ಇಲ್ಲವೇ ಇಡೀ ಚೇಂಬರ್ ಬದಲಿಸಬೇಕು.

ಹಳೆಯ ವಾಷರನ್ನು ತೆಗೆದು ಹೊಸದನ್ನು ಹಾಕಿ. ಅಲ್ಯೂಮಿನಿಯಂ ಅಥವಾ ತಾಮ್ರದ ಆ ತೆಳು ವಾಷರ್ ಬಿಗಿಯಾದಾಗ ತಾನು ಚಪ್ಪಟೆಯಾಗಿ ಸಂದನ್ನು ಮುಚ್ಚುತ್ತದೆ. ಒಮ್ಮೆ ಚಪ್ಪಟೆಯಾದದ್ದು ಮತ್ತೆ ಅಷ್ಟು ಚೆನ್ನಾಗಿ ಕೂರುವುದಿಲ್ಲ, ಆಗ ತೊಟ್ಟಿಕ್ಕುತ್ತಿದೆಯೆಂದು ಜನ ಇನ್ನಷ್ಟು ಬಿಗಿ ಮಾಡುತ್ತಾರೆ, ಥ್ರೆಡ್ ಹೋಗುವುದು ಹೀಗೆ. ಕೆಲವೊಮ್ಮೆ ಹಳೆಯ ವಾಷರ್ ಚೇಂಬರಿಗೇ ಅಂಟಿಕೊಂಡು ಲೋಹದ ಭಾಗವೇ ಎಂಬಂತೆ ಕಾಣುತ್ತದೆ, ಉಗುರಿನಿಂದ ಕೆರೆದು ಖಚಿತಪಡಿಸಿಕೊಳ್ಳಿ. ರಂಧ್ರದ ಸುತ್ತ ಬಟ್ಟೆಯಿಂದ ಒರೆಸಿ, ಬೋಲ್ಟನ್ನು ಬೆರಳಿನಲ್ಲೇ ಪೂರ್ತಿ ತಿರುಗಿಸಬೇಕು. ಬೆರಳಿಗೆ ಸರಾಗವಾಗಿ ಐದಾರು ಸುತ್ತು ಹೋಗದಿದ್ದರೆ ಅದು ಓರೆಯಾಗಿ ಹತ್ತಿದೆ. ಹಿಂದಕ್ಕೆ ತೆಗೆದು ಮತ್ತೆ ಹಾಕಿ. ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದು ಕೊನೆಯ ಬಿಗಿತಕ್ಕೆ ಮಾತ್ರ.

ಸಣ್ಣ ಕಾರುಗಳಲ್ಲಿ ಈ ಬೋಲ್ಟಿನ ಬಿಗಿತ ಸಾಮಾನ್ಯವಾಗಿ 25ರಿಂದ 40 ನ್ಯೂಟನ್ ಮೀಟರ್ ಒಳಗೆ ಇರುತ್ತದೆ, ಖಚಿತ ಅಂಕಿಯನ್ನು ಕೈಪಿಡಿಯಲ್ಲಿ ನೋಡಿ. 35 ನ್ಯೂಟನ್ ಮೀಟರ್ ಎಂದರೆ 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 18 ಕೆ.ಜಿ. ಭಾರ ಹಾಕಿದಷ್ಟು. ಟಾರ್ಕ್ ಸ್ಪ್ಯಾನರ್ ಇಲ್ಲದವರು ಈ ಲೆಕ್ಕವನ್ನು ನೆನಪಿಟ್ಟುಕೊಂಡು, ಗಿಡ್ಡ ಸ್ಪ್ಯಾನರನ್ನು ಒಂದೇ ಕೈಯಲ್ಲಿ ಹಿಡಿದು, ಮೊಣಕೈಯ ಬಲದಲ್ಲಿ ಬಿಗಿ ಮಾಡಿದರೆ ಸಾಕು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಉದ್ದ ಮಾಡುವುದು, ಕಾಲಿನಿಂದ ಒದೆಯುವುದು ಬೇಡ. ವಾಷರ್ ಚಪ್ಪಟೆಯಾಗುವಾಗ ಮೊದಲು ಮೆತ್ತಗೆ ಒಪ್ಪಿಕೊಂಡಂತೆ ತಿರುಗಿ, ಆಮೇಲೆ ಗಟ್ಟಿ ನಿಂತದ್ದು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ, ಅಲ್ಲಿ ನಿಲ್ಲಿಸಿ.

ಫಿಲ್ಟರ್

ಟ್ರೇಯನ್ನು ಫಿಲ್ಟರಿನ ಕೆಳಗೆ ಸರಿಸಿ, ಏಕೆಂದರೆ ಅದರೊಳಗೂ ಒಂದು ಲೋಟದಷ್ಟು ಆಯಿಲ್ ಇರುತ್ತದೆ. ಡಬ್ಬಿಯಾಕಾರದ ಫಿಲ್ಟರನ್ನು ಮೊದಲು ಕೈಯಿಂದಲೇ ತಿರುಗಿಸಿ ನೋಡಿ, ಬರದಿದ್ದರೆ ಫಿಲ್ಟರ್ ಸ್ಪ್ಯಾನರ್ ಬಳಸಿ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ನಾಟಿ ವಿಧಾನ ಹಲವರಿಗೆ ಗೊತ್ತು. ಆದರೆ ತಗಡು ಹರಿದು, ಹಿಡಿಯಲು ಏನೂ ಉಳಿಯದೆ ಫಿಲ್ಟರ್ ಅಲ್ಲೇ ಕಚ್ಚಿಕೊಳ್ಳುವ ಸಂಭವವೂ ಇರುವುದರಿಂದ ಅದನ್ನು ಬೇರೆ ಗತಿಯಿಲ್ಲದಾಗ ಮಾತ್ರ ಉಪಯೋಗಿಸಿ.

ಫಿಲ್ಟರ್ ಕೈಗೆ ಬಂದ ಕೂಡಲೇ ಅದರ ಬಾಯಿಯಲ್ಲಿ ರಬ್ಬರ್ ರಿಂಗ್ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಅದು ಎಂಜಿನ್ನಿನ ಮುಖಕ್ಕೆ ಅಂಟಿಕೊಂಡು ಉಳಿದಿದೆ. ಕಪ್ಪು ಆಯಿಲ್ ಮೆತ್ತಿದ ಕಪ್ಪು ರಿಂಗ್ ಟಾರ್ಚಿನ ಬೆಳಕಿನಲ್ಲೂ ಕಣ್ಣಿಗೆ ಬೀಳುವುದಿಲ್ಲ, ಬೆರಳಾಡಿಸಿಯೇ ನೋಡಬೇಕು. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗುಗಳು ಒಂದರ ಮೇಲೊಂದು ಕೂತು, ಆ ಹೊತ್ತಿಗೆ ಸರಿಯಾಗಿಯೇ ಇದೆ ಎನಿಸುತ್ತದೆ. ಎಂಜಿನ್ನಿನ ಒತ್ತಡ ಬಿದ್ದಾಗ ಮೇಲಿನದು ಜಾರಿ, ಕೆಲವೇ ನಿಮಿಷಗಳಲ್ಲಿ ಆಯಿಲೆಲ್ಲ ರಸ್ತೆಗೆ ಚೆಲ್ಲಿಹೋಗುತ್ತದೆ. ಎಂಜಿನ್ ಸೀಜ್ ಆಗಲು ಅಷ್ಟು ಸಾಕು.

ಎಂಜಿನ್ನಿನ ಮುಖವನ್ನು ನಾರು ಬಿಡದ ಬಟ್ಟೆಯಿಂದ ಒರೆಸಿ. ಹೊಸ ಫಿಲ್ಟರಿನ ರಿಂಗಿಗೆ ಹೊಸ ಆಯಿಲನ್ನು ಬೆರಳಿನಿಂದ ತೆಳ್ಳಗೆ ಸವರಿ; ಗ್ರೀಸ್ ಬೇಡ. ಒಣ ರಿಂಗ್ ತಿರುಗುವಾಗ ಸುಕ್ಕುಗಟ್ಟುತ್ತದೆ, ಮುಂದಿನ ಬಾರಿ ಬಿಚ್ಚಲೂ ಕಷ್ಟ. ಫಿಲ್ಟರ್ ಬಾಯಿ ಮೇಲಾಗಿ ನಿಲ್ಲುವ ಕಾರಾದರೆ ಅದರೊಳಗೆ ಸ್ವಲ್ಪ ಹೊಸ ಆಯಿಲ್ ತುಂಬಿಕೊಳ್ಳಬಹುದು, ಅಡ್ಡ ನಿಲ್ಲುವುದಾದರೆ ಆ ಗೋಜಿಗೆ ಹೋಗಬೇಡಿ. ಬಳಿಕ ಕೈಯಿಂದ ತಿರುಗಿಸುತ್ತ, ರಿಂಗ್ ಎಂಜಿನ್ನಿನ ಮುಖಕ್ಕೆ ತಾಗಿದ ಕ್ಷಣವನ್ನು ಗುರುತಿಸಿ, ಅಲ್ಲಿಂದ ಮುಕ್ಕಾಲು ಸುತ್ತು ಬಿಗಿ ಮಾಡಿ. ಎಷ್ಟು ಸುತ್ತು ಎಂಬುದನ್ನು ಫಿಲ್ಟರಿನ ಮೈಮೇಲೂ ಬರೆದಿರುತ್ತಾರೆ, ಅದು ಬೇರೆಯಾಗಿದ್ದರೆ ಅದನ್ನೇ ಪಾಲಿಸಿ. ತಾಗಿದ ಜಾಗದಲ್ಲಿ ಫಿಲ್ಟರಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದುಕೊಂಡರೆ ಮುಕ್ಕಾಲು ಸುತ್ತನ್ನು ಊಹಿಸಬೇಕಾಗುವುದಿಲ್ಲ. ಸ್ಪ್ಯಾನರ್ ಇರುವುದು ಬಿಚ್ಚುವುದಕ್ಕೆ. ಕೂರಿಸಲು ಕೈ ಸಾಕು.

ಕೆಲವು ಕಾರುಗಳಲ್ಲಿ, ಹೆಚ್ಚಾಗಿ ಡೀಸೆಲ್ ಎಂಜಿನ್ನುಗಳಲ್ಲಿ, ಪ್ಲಾಸ್ಟಿಕ್ ಮುಚ್ಚಳದೊಳಗೆ ಬರೀ ಕಾಗದದ ಫಿಲ್ಟರ್ ಇರುತ್ತದೆ. ಅಲ್ಲಿ ಮುಚ್ಚಳದ ಓ-ರಿಂಗನ್ನು, ಅಂದರೆ ಸಂದು ಮುಚ್ಚುವ ರಬ್ಬರ್ ಬಳೆಯನ್ನು, ಪ್ರತಿ ಬಾರಿ ಹೊಸದು ಹಾಕಬೇಕು, ಮುಚ್ಚಳದ ಮೇಲೆ ಅಚ್ಚಾಗಿರುವ ಬಿಗಿತವನ್ನು ಮೀರಬಾರದು, ಏಕೆಂದರೆ ಪ್ಲಾಸ್ಟಿಕ್ ಸೀಳುತ್ತದೆ.

ಹೊಸ ಆಯಿಲ್ ತುಂಬುವುದು

ಕಾರನ್ನು ನೆಲಕ್ಕಿಳಿಸಿ ಸಮತಟ್ಟಾಗಿ ನಿಲ್ಲಿಸಿದ ಮೇಲೆ ತುಂಬಬೇಕು. ರ‍್ಯಾಂಪ್ ಬಳಸಿದವರು ಎಂಜಿನ್ ಶುರು ಮಾಡದೆ ಕಾರನ್ನು ಇಳಿಸಲಾಗದಿದ್ದರೆ, ಅಳತೆಯ ಬಹುಭಾಗವನ್ನು ಮೇಲೆಯೇ ಸುರಿದು, ಇಳಿಸಿದ ಮೇಲೆ ಮಟ್ಟ ನೋಡಿಕೊಳ್ಳಬಹುದು. ಆಯಿಲ್ ಇಲ್ಲದೆ ಎಂಜಿನ್ನನ್ನು ಒಂದು ಕ್ಷಣವೂ ಓಡಿಸಬಾರದು.

ಕೈಪಿಡಿ ಹೇಳಿದ ಅಳತೆಗಿಂತ ಸುಮಾರು ಕಾಲು ಲೀಟರ್ ಕಡಿಮೆ ಸುರಿಯಿರಿ. 3.5 ಲೀಟರಿನ ಕ್ಯಾನು ತಂದವರು ಕ್ಯಾನು ಖಾಲಿಯಾಗಬೇಕೆಂಬ ಕಾರಣಕ್ಕೇ ಎಲ್ಲವನ್ನೂ ಸುರಿಯುವುದುಂಟು. ಆಯಿಲ್ ಹೆಚ್ಚಾದರೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಅದನ್ನು ಬಡಿದು ನೊರೆಯೆಬ್ಬಿಸುತ್ತದೆ, ನೊರೆ ತುಂಬಿದ ಆಯಿಲ್ ಬೇರಿಂಗುಗಳಿಗೆ ಒತ್ತಡ ಕೊಡುವುದಿಲ್ಲ, ಸೀಲುಗಳಿಂದಲೂ ಹೊರಬರುತ್ತದೆ. ಕಡಿಮೆಯಾದರೆ ಮತ್ತೆ ಸುರಿಯಬಹುದು, ಹೆಚ್ಚಾದದ್ದನ್ನು ತೆಗೆಯಲು ಮತ್ತೆ ಕಾರಿನ ಕೆಳಗೆ ಹೋಗಬೇಕು.

ಮುಚ್ಚಳ ಹಾಕಿ ಎಂಜಿನ್ ಶುರು ಮಾಡಿ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಕ್ಯಾನಿನ ಆಕಾರದ ಕೆಂಪು ದೀಪ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಫಿಲ್ಟರ್ ತುಂಬಿಕೊಳ್ಳುವವರೆಗೆ ಎಂದಿಗಿಂತ ಒಂದೆರಡು ಸೆಕೆಂಡು ಹೆಚ್ಚು ಉರಿಯುವುದು ಸಹಜ. ಅದು ಆರುವವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ. ಹತ್ತು ಸೆಕೆಂಡಾದರೂ ಆರದಿದ್ದರೆ ಎಂಜಿನ್ ನಿಲ್ಲಿಸಿ ಕಾರಣ ಹುಡುಕಬೇಕು. ದೀಪ ಆರಿದ ಮೇಲೆ ಎರಡು ಮೂರು ನಿಮಿಷ ಓಡಲು ಬಿಟ್ಟು, ಹೊರಗಿನಿಂದಲೇ ಬಗ್ಗಿ ಟಾರ್ಚು ಹಾಕಿ ಬೋಲ್ಟಿನ ಬಳಿ, ಫಿಲ್ಟರಿನ ಅಂಚಿನಲ್ಲಿ ಜಿನುಗುತ್ತಿದೆಯೇ ನೋಡಿ.

ಎಂಜಿನ್ ನಿಲ್ಲಿಸಿ ಐದರಿಂದ ಹತ್ತು ನಿಮಿಷ ಬಿಟ್ಟು, ಆಯಿಲ್‌ನ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆಯಿರಿ, ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ಎಳೆದು ನೋಡಿ. ಹೊಸ ಆಯಿಲ್ ತಿಳಿಯಾಗಿರುವುದರಿಂದ ಗುರುತು ಕಾಣಲು ಕಷ್ಟ. ಕಡ್ಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಎರಡೂ ಮುಖಗಳನ್ನು ನೋಡಿ, ಕಡಿಮೆ ತೋರಿಸುವ ಮುಖವನ್ನೇ ನಂಬಿ. ಮೇಲಿನ ಮತ್ತು ಕೆಳಗಿನ ಗುರುತುಗಳ ನಡುವೆ ಮುಕ್ಕಾಲು ಭಾಗಕ್ಕಿಂತ ಮೇಲೆ, ಮೇಲಿನ ಗುರುತು ದಾಟದಂತೆ ನೂರು ನೂರು ಮಿಲಿಲೀಟರಿನಷ್ಟೇ ಸೇರಿಸುತ್ತ ಬನ್ನಿ. ಕವಚವನ್ನು ಎಲ್ಲ ಕ್ಲಿಪ್ಪುಗಳೊಂದಿಗೆ ಮರಳಿ ಕೂರಿಸುವುದನ್ನೂ, ಸರ್ವೀಸ್ ನೆನಪಿಸುವ ಸೂಚನೆ ಇದ್ದರೆ ಅದನ್ನು ರೀಸೆಟ್ ಮಾಡುವುದನ್ನೂ ಮರೆಯಬೇಡಿ.

ಹಳೆಯ ಆಯಿಲ್ ಎಲ್ಲಿಗೆ ಹೋಗಬೇಕು

ಬಳಸಿದ ಆಯಿಲನ್ನು ನಮ್ಮ ಕಡೆ ಬೇಲಿ ಗೂಟಕ್ಕೆ, ಬಾಗಿಲಿನ ಚೌಕಟ್ಟಿಗೆ ಗೆದ್ದಲು ಹಿಡಿಯದಿರಲಿ ಎಂದು ಬಳಿಯುವುದು, ಸೆಂಟ್ರಿಂಗ್ ಹಲಗೆಗೆ ಸವರಲು ಮೇಸ್ತ್ರಿಗೆ ಕೊಡುವುದು ಹಳೆಯ ರೂಢಿ. ಗೂಟಕ್ಕೆ ಬಳಿದದ್ದು ಮಳೆಗೆ ತೊಳೆದು ಮಣ್ಣಿಗೆ, ಅಲ್ಲಿಂದ ಬಾವಿಗೆ ಇಳಿಯುತ್ತದೆ. ಅದರಲ್ಲಿ ಸವೆದ ಲೋಹದ ಕಣಗಳೂ, ಕ್ಯಾನ್ಸರ್‌ಕಾರಕ ಸಂಯುಕ್ತಗಳೂ ಇರುವುದರಿಂದ ಕೇಂದ್ರ ಸರ್ಕಾರದ 2016ರ ನಿಯಮಗಳು ಬಳಸಿದ ಆಯಿಲನ್ನು ಅಪಾಯಕಾರಿ ತ್ಯಾಜ್ಯಗಳ ಸಾಲಿಗೆ ಸೇರಿಸಿವೆ. 2024ರ ಏಪ್ರಿಲ್ 1ರಿಂದ ಅದರ ಮರುಬಳಕೆಯ ಹೊಣೆಯನ್ನು ಆಯಿಲ್ ತಯಾರಕರ ಮೇಲೂ ಹೊರಿಸಲಾಗಿದೆ. ಇದನ್ನು ಶುದ್ಧೀಕರಿಸಿ ಮತ್ತೆ ಮೂಲ ಆಯಿಲ್ ತೆಗೆಯಬಹುದು, ಆ ಕೆಲಸಕ್ಕೆಂದೇ ಪರವಾನಗಿ ಪಡೆದ ಘಟಕಗಳಿವೆ.

ಮನೆಯಲ್ಲಿ ಬದಲಿಸಿದವರು ಮಾಡಬಹುದಾದದ್ದು ಇಷ್ಟು: ಹೊಸ ಆಯಿಲ್ ಬಂದ ಕ್ಯಾನಿಗೇ ಹಳೆಯದನ್ನು ತುಂಬಿ, ಬಿಗಿಯಾಗಿ ಮುಚ್ಚಿ, ಮೇಲೆ ‘ಬಳಸಿದ ಆಯಿಲ್’ ಎಂದು ಬರೆದು, ಬ್ಯಾರೆಲ್ ಇಟ್ಟುಕೊಂಡಿರುವ ಸರ್ವೀಸ್ ಕೇಂದ್ರಕ್ಕೆ ಕೊಡಬೇಕು. ಅವರು ಅದನ್ನು ಒಟ್ಟಿಗೆ ಮಾರುವುದರಿಂದ ಬೇಡ ಎನ್ನುವವರು ಕಡಿಮೆ. ಅದಕ್ಕೆ ಪೆಟ್ರೋಲ್, ಬ್ರೇಕ್ ಆಯಿಲ್, ಕೂಲೆಂಟ್ ಬೆರೆಸಬೇಡಿ. ಬೆರೆತದ್ದನ್ನು ಶುದ್ಧೀಕರಿಸುವುದು ಕಷ್ಟ. ಹಳೆಯ ಫಿಲ್ಟರನ್ನು ಬಾಯಿ ಕೆಳಗಾಗಿ ಒಂದು ದಿನ ಟ್ರೇಯಲ್ಲಿ ಬೋರಲು ಹಾಕಿ, ಒಳಗಿನದು ಇಳಿದ ಮೇಲೆ ಕ್ಯಾನಿನ ಜೊತೆಗೇ ಕೊಡಿ. ಅಂಗಳದಲ್ಲಿ ಚೆಲ್ಲಿದ್ದರೆ ನೀರು ಹಾಕಿ ಚರಂಡಿಗೆ ತಳ್ಳದೆ, ಮರದ ಪುಡಿ ಅಥವಾ ಒಣ ಮರಳು ಹರಡಿ ಹೀರಿಸಿ ಗುಡಿಸಬೇಕು.

ಆಮೇಲಿನ ಗಮನ

ಬದಲಿಸಿದ ದಿನಾಂಕ, ಓಡೋಮೀಟರಿನ ಅಂಕಿ, ಆಯಿಲ್‌ನ ಗ್ರೇಡ್ ಮತ್ತು ಫಿಲ್ಟರಿನ ಪಾರ್ಟ್ ನಂಬರನ್ನು ಸರ್ವೀಸ್ ಪುಸ್ತಕದಲ್ಲಿ ಬರೆದು, ಬಿಲ್ಲುಗಳನ್ನು ಅಲ್ಲೇ ಪಿನ್ ಮಾಡಿ; ಕಾರು ಮಾರುವಾಗ ಇದಕ್ಕೆ ಬೆಲೆಯಿದೆ. ಮಾರುತಿಯ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅವಧಿ. ‘ಈ ವರ್ಷ ಬರೀ ಮೂರು ಸಾವಿರ ಓಡಿದೆ’ ಎಂದು ಮುಂದೂಡುವವರು ಗಮನಿಸಬೇಕು: ದಿನಕ್ಕೆ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರಿನ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಒಳಗೆ ಕೂಡಿದ ತೇವ ಮತ್ತು ಪೆಟ್ರೋಲಿನ ಅಂಶ ಆರಿಹೋಗದೆ ಆಯಿಲ್‌ನಲ್ಲೇ ಉಳಿಯುತ್ತದೆ.

ಮರುದಿನ ಬೆಳಿಗ್ಗೆ ಕಾರು ತೆಗೆಯುವ ಮೊದಲು ಒಮ್ಮೆ, ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಡಿಪ್‌ಸ್ಟಿಕ್ ನೋಡಿ. ರಾತ್ರಿ ಎಂಜಿನ್ನಿನ ಕೆಳಗೆ ರಟ್ಟಿನ ಹಾಳೆ ಹಾಸಿಟ್ಟರೆ ಸೋರಿಕೆ ಇದ್ದದ್ದು ಸುಲಭವಾಗಿ ತಿಳಿಯುತ್ತದೆ. ಬದಲಿಸುವಾಗ ಚೆಲ್ಲಿದ್ದು ಕವಚದಿಂದ ಒಂದೆರಡು ತೊಟ್ಟು ಬೀಳುವುದುಂಟು, ಎರಡನೆಯ ರಾತ್ರಿಯೂ ಕಲೆ ಬಿದ್ದರೆ ಮಾತ್ರ ಹುಡುಕಬೇಕು. ಕಲೆ ಬೋಲ್ಟಿನ ಕೆಳಗಿದ್ದರೆ ವಾಷರ್ ಸರಿಯಾಗಿ ಕೂತಿಲ್ಲ, ಫಿಲ್ಟರಿನ ಕೆಳಗಿದ್ದರೆ ರಿಂಗನ್ನು ಅನುಮಾನಿಸಬೇಕು. ಫಿಲ್ಟರಿನದಾದರೆ ಕಾರನ್ನು ಹೊರಗೆ ಒಯ್ಯದೆ ಬಿಚ್ಚಿ ನೋಡಿ. ಬಿಎಸ್-6 ಡೀಸೆಲ್ ಕಾರಿನವರು ಮಟ್ಟ ಇಳಿಯುವುದನ್ನಷ್ಟೇ ಅಲ್ಲದೆ ಏರುವುದನ್ನೂ ಗಮನಿಸಬೇಕು. ಊರೊಳಗಿನ ಸಣ್ಣ ಓಟಗಳಿಂದ ಡಿಪಿಎಫ್ ತನ್ನ ಮಸಿಯನ್ನು ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತಿದ್ದರೆ, ಅದಕ್ಕೆಂದು ಸಿಂಪಡಿಸಿದ ಡೀಸೆಲ್ ಚೇಂಬರಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೇಲಿನ ಗುರುತನ್ನು ದಾಟಿ, ಮೂಗಿಗೆ ಡೀಸೆಲ್ ವಾಸನೆ ಹೊಡೆದರೆ, ಎಷ್ಟೇ ಕಡಿಮೆ ಓಡಿರಲಿ, ಆ ಆಯಿಲನ್ನು ಮತ್ತೆ ಬದಲಿಸಬೇಕಾಗುತ್ತದೆ.